ಮೇಷ್ಟರ ಮಗಳಿಗೆ ಓದಲು ಬರುತ್ತಾ?

ಬಸ್ಸಿನ ಹಿಂಭಾಗದಲ್ಲಿ ಬಾಗಿಲು ಇರಬೇಕಾದ ಕಡೆ ಬಾಗಿಲೇ ಇರಲಿಲ್ಲ. ಅಲ್ಲಿಂದ ನನ್ನ ಮಗಳು ಬೀಳಬಹುದಿತ್ತು. ಬೀಳದೆ ಶಾಲೆ ಸೇರಿದಳು ಎಂದುಕೊಳ್ಳಿ, ಒಂದನೇ ತರಗತಿಯ ಕೋಣೆಯ ಮೂಲೆಯಲ್ಲಿ ಎರಡು ಹೆಂಚು ಸಡಿಲವಾಗಿದ್ದವು. ಅವು ಅವಳ ಮೇಲೆ ಬೀಳಬಹುದಿತ್ತು. ಬಿಸಿಯೂಟ ಆಗಷ್ಟೇ ಶುರುವಾಗಿತ್ತು. ಸಾಂಬಾರಿಗೆ ಹಲ್ಲಿ ಬೀಳಬಹುದಿತ್ತು. ತಲೆಗೆ ಹೇನು ಹತ್ತಬಹುದಿತ್ತು. ಮೇಷ್ಟರ ಮಗಳೆಂದು ಬೇರೆ ಮಕ್ಕಳು ಅವಳಿಗೆ ಹೊಡೆಯಬಹುದಿತ್ತು. ಇಲ್ಲವೇ ಅದೇ ಕಾರಣಕ್ಕೆ ತಲೆಯ ಮೇಲೆ ಕೂರಿಸಿಕೊಂಡು ಮೆರೆಸಬಹುದಿತ್ತು, ಅದು ಇನ್ನೂ ಕೆಟ್ಟದ್ದು. ಅವಳು ನನ್ನನ್ನು ಎಲ್ಲರ ಮುಂದೆ 'ಅಪ್ಪಾ' ಎಂದು ಕರೆದು, ಹಿಂದಿನ ರಾತ್ರಿ ಮನೆಯಲ್ಲಿ ನನಗೂ ಅವರಮ್ಮನಿಗೂ ಯಾವುದರ ಬಗ್ಗೆ ಜಗಳವಾಯಿತೆಂದು ವರದಿ ಒಪ್ಪಿಸಬಹುದಿತ್ತು. 'ಬಿಡು' ಅನ್ನುವುದನ್ನು ಬಿಟ್ಟು 'ಬುಡು' ಎಂದು ಕಲಿತು, ಅದನ್ನೇ ತುಮಕೂರಿನಲ್ಲಿ ನನ್ನ ಮಾವನವರ ಮುಂದೆ ಅನ್ನಬಹುದಿತ್ತು. ಇಂಗ್ಲಿಷ್ ಬಾರದೆ ಹೋಗಬಹುದಿತ್ತು. ಕನ್ನಡವೂ ಬಾರದೆ ಹೋಗಬಹುದಿತ್ತು. ಕೊನೆಯದೇ ನನ್ನನ್ನು ನಿದ್ದೆಗೆಡಿಸಿದ್ದು. ಯಾಕೆಂದರೆ ಆ ತರಗತಿಯ ಮೇಷ್ಟರು ನಾನೇ.

ಇಷ್ಟೆಲ್ಲ ಯೋಚನೆ ಮಾಡುವವನಿಗೆ ಮಗಳನ್ನು ಬೇರೆ ಶಾಲೆಗೆ ಸೇರಿಸಬಹುದಿತ್ತು ಎಂದು ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಹೊಳೆದಿತ್ತು. ಗುಬ್ಬಿಯ ಒಂದು ಕಾನ್ವೆಂಟಿನಿಂದ ಅರ್ಜಿಯನ್ನೂ ತಂದಿಟ್ಟಿದ್ದೆ. ಅಷ್ಟರಲ್ಲಿ ನನ್ನ ಬಾಯಿ ನನ್ನನ್ನು ಕೇಳದೆ ಒಂದು ಮಾತು ಕೊಟ್ಟುಬಿಟ್ಟಿತು.

ನಾನಾಗ ಗುಬ್ಬಿಯಲ್ಲಿ ಮನೆ ಮಾಡಿಕೊಂಡು, ಅಲ್ಲಿಂದ ಅರ್ಧ ಗಂಟೆ ದೂರದ ಹಳ್ಳಿಯೊಂದರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಓಡಾಡುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ಹಳ್ಳಿಯೊಳಕ್ಕೆ ಕಾನ್ವೆಂಟಿನ ವ್ಯಾನು ಬರತೊಡಗಿತ್ತು, ನಮ್ಮ ಬೆಂಚುಗಳು ಖಾಲಿಯಾಗತೊಡಗಿದ್ದವು. ಅದಕ್ಕೆ ಪೋಷಕರ ಸಭೆ ಕರೆದು, 'ಕಲಿಕೆಯ ಗುಣಮಟ್ಟ ಸುಧಾರಿಸಿದೆ, ಹೊಸ ಪದ್ಧತಿ ಬಂದಿದೆ, ನಿಮ್ಮ ಮಕ್ಕಳನ್ನು ಇಲ್ಲೇ ಬಿಡಿ' ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದನ್ನೆಲ್ಲ ಹೇಳಿದೆ. ಹಿಂದಿನ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಒಬ್ಬ ಹೆಂಗಸು ಸೆರಗು ಸರಿಮಾಡಿಕೊಂಡು ಎದ್ದಳು. ಅವಳ ಮಗಳು ನಮ್ಮಲ್ಲೇ ಎರಡನೇ ತರಗತಿಗೆ ಬಂದಿದ್ದಳು.

"ಅಲ್ಲ ಸಾ, ನಮ್ ಮಕ್ಳುನ್ನ ಇಲ್ಲೇ ಬುಡಿ ಅಂತೀರಲ್ಲ, ನಿಮ್ ಮಗೀನ ಎಲ್ಲಿಗ್ ಸೇರಿಸ್ತೀರಿ?"

ಸಭೆಯಲ್ಲಿ ಯಾರೋ ಕೆಮ್ಮಿದರು. ನಮ್ಮ ಹೆಡ್‌ಮೇಡಂ ಕಿಟಕಿಯಾಚೆ ನೋಡತೊಡಗಿದರು. ಅವರ ಮಕ್ಕಳು ಎಲ್ಲಿ ಓದುತ್ತಿದ್ದಾರೆಂದು ಅವರನ್ನು ಯಾರೂ ಕೇಳಲಿಲ್ಲ ನೋಡಿ.

"ಈ ವರ್ಷ ಇಲ್ಲಿಗೇ," ಎಂದೆ.

"ಇಲ್ಲಿಗೇ ಅಂದ್ರೆ?"

"ಇಲ್ಲಿಗೇ ಅಂದ್ರೆ ಇಲ್ಲಿಗೇ ಕಣಮ್ಮ. ಈ ಕೋಣೆಗೇ."

ಸಂಜೆ ಇದನ್ನು ಹೆಂಡತಿಗೆ ಹೇಳಿದಾಗ ಅವಳು ಒಲೆ ಆರಿಸಿ ಹೊರಗೆ ಬಂದಳು. ಒಲೆ ಆರಿಸಿ ಬಂದಳೆಂದರೆ ಮಾತು ದೊಡ್ಡದಿದೆ ಎಂದು ಅರ್ಥ.

"ಆ ಹೊಸ ಪದ್ಧತಿ ಮೇಲೆ ನಿಮಗೆ ನಂಬಿಕೆ ಇದ್ಯಾ?"

"ಅದು... ತರಬೇತೀಲಿ ಚೆನ್ನಾಗೇ ಹೇಳಿದ್ರು."

"ನಿಮಗೆ ಇದ್ಯಾ ಅಂತ ಕೇಳ್ದೆ."

ಅವಳು ಸೀದಾ ಎಸ್‌ಟಿಡಿ ಬೂತಿಗೆ ಹೋಗಿ ತುಮಕೂರಿನ ಶೆಟ್ಟಿಹಳ್ಳಿಯಲ್ಲಿದ್ದ ಅವರಪ್ಪನಿಗೆ ಫೋನ್ ಮಾಡಿದಳು. ನನ್ನ ಮಾವನವರು ಹೈಸ್ಕೂಲು ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಅವರ ಸರ್ವೀಸಿನಲ್ಲಿ ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಕುತ್ತಿಗೆಯ ಬಾಗಿನಲ್ಲೇ ಕಂಡುಹಿಡಿಯುತ್ತಿದ್ದರಂತೆ. ಆ ಕಣ್ಣನ್ನು ನಿವೃತ್ತಿಯ ನಂತರ ಪೂರಾ ನನ್ನ ಮೇಲಿಟ್ಟಿದ್ದರು. ಮುಂದಿನ ಭಾನುವಾರ ನಾವೇ ಅಲ್ಲಿಗೆ ಹೋದಾಗ ತೀರ್ಪು ಸಿದ್ಧವಾಗಿತ್ತು.

"ನೋಡಿ ಅಳಿಯಂದ್ರೇ, ನಿಮ್ಮ ಪ್ರಯೋಗಕ್ಕೆ ನನ್ನ ಮೊಮ್ಮಗಳೇ ಬೇಕಿತ್ತಾ ಅಂತ ನಾನ್ ಕೇಳಲ್ಲ. ಮಾತು ಕೊಟ್ಟಿದೀರಿ, ಸೇರಿಸಿ. ಎರಡ್ನೇ ಕ್ಲಾಸು ಮುಗಿಯೋ ಹೊತ್ಗೆ ನಾನ್ ಬರ್ತೀನಿ. ಅವಳು ಯಾವತ್ತೂ ನೋಡಿರದ್ದನ್ನ ನನ್ ಮುಂದೆ ಓದ್ಬೇಕು. ಓದ್ಲಿಲ್ವಾ, ಅವತ್ತೇ ಅವಳ ಬಟ್ಟೆ ಬ್ಯಾಗಿಗ್ ಹಾಕಿ. ಇಲ್ಲೇ ನಮ್ಮನೇಲಿರ್ತಾಳೆ, ಇಲ್ಲೇ ಕಾನ್ವೆಂಟಿಗ್ ಹೋಗ್ತಾಳೆ."

ಹೆಂಡತಿ ತಲೆ ತಗ್ಗಿಸಿ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಅಪ್ಪ ಮಗಳ ನಡುವೆ ಇದು ಮೊದಲೇ ನಿಶ್ಚಯವಾಗಿತ್ತೆಂದು ನನಗೆ ಆಗಲೇ ಅನುಮಾನ. ಮಗಳು ಮಾತ್ರ ಜಗಲಿಯಲ್ಲಿ ಕೂತು ಬೆಕ್ಕಿಗೆ ಬಿಸ್ಕತ್ತು ತಿನ್ನಿಸುತ್ತಿದ್ದಳು. ಒಂದೇ ಮಗು. ಎರಡು ವರ್ಷದ ಮೇಲೆ ಆ ಬಿಸ್ಕತ್ತು ಹಾಕುವ ಕೈ ವಾರವೆಲ್ಲ ಶೆಟ್ಟಿಹಳ್ಳಿಯಲ್ಲೇ ಇರುತ್ತದೆ ಎಂದು ಆಗಲೇ ನನ್ನ ಕಣ್ಣಿಗೆ ಕಟ್ಟಿತು.

ಮಕ್ಕಳು ಓದುವುದನ್ನು ನಂಬಬಾರದೆಂದು ನಾನು ಕಲಿತದ್ದು ಕುಣಿಗಲ್ ಕಡೆ, ತೊಂಬತ್ತರ ದಶಕದಲ್ಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಮೃತೂರಿನ ಹತ್ತಿರದ ಹಳ್ಳಿಯೊಂದಕ್ಕೆ ಹಾಕಿದ್ದರು. ಒಂದು ದಿನ ಇನ್ಸ್‌ಪೆಕ್ಟರು ಬಂದರು. ಪಕ್ಕದ ತರಗತಿಯ ಹುಡುಗನೊಬ್ಬ ಎದ್ದು ನಿಂತು ಪಾಠವನ್ನು ಹೊಳೆ ಹರಿದಂತೆ ಓದತೊಡಗಿದ. ಸುತ್ತ ತೆಂಗಿನ ತೋಟ, ಕಿಟಕಿಯಿಂದ ಒಳ್ಳೆಯ ಗಾಳಿ. ಗಾಳಿಗೆ ಪುಸ್ತಕದ ನಾಲ್ಕು ಹಾಳೆ ಒಟ್ಟಿಗೆ ಮಗುಚಿ ಮುಂದಿನ ಪದ್ಯ ಬಂತು. ಹುಡುಗ ಅದರ ಮೇಲೇ ಬೆರಳಿಟ್ಟು, ಹಿಂದಿನ ಪಾಠವನ್ನೇ ಒಂದಕ್ಷರ ತಪ್ಪದಂತೆ ಕೊನೆಯವರೆಗೆ ಓದಿ ಮುಗಿಸಿದ. ಇನ್ಸ್‌ಪೆಕ್ಟರು ಭೇಷ್ ಎಂದರು. ನನಗೆ ಮಾತ್ರ ಅವನ ಬೆರಳು ಕಾಣಿಸಿತ್ತು. ಅಲ್ಲಿಂದೀಚೆಗೆ ಮಗುವೊಂದು ಗಟ್ಟಿಯಾಗಿ ಓದುವುದು ಕೇಳಿದರೆ ಸಂತೋಷಕ್ಕೆ ಮೊದಲು ನನಗೆ ಅನುಮಾನವೇ ಬರುತ್ತದೆ.

ಈಗ ಹೊಸ ಪದ್ಧತಿಯ ವಿಷಯ. ಪುಸ್ತಕವಿಲ್ಲ, ಕಾರ್ಡುಗಳು. ಗೋಡೆಯ ಮೇಲೆ ಏಣಿಯಂಥ ಒಂದು ಪಟ. ಪ್ರತಿ ಮಗುವೂ ತನ್ನ ಪಾಡಿಗೆ ಒಂದೊಂದೇ ಮೆಟ್ಟಿಲು ಹತ್ತಿಕೊಂಡು ಹೋಗಬೇಕು. ಗೋಡೆಯ ಕೆಳಭಾಗಕ್ಕೆಲ್ಲ ಕರಿ ಬಣ್ಣ, ಮಗುವಿಗೊಂದು ತುಂಡು ಬೋರ್ಡು. ಒಂದರಿಂದ ಮೂರನೆಯವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಚಾಪೆಗಳ ಮೇಲೆ ಬೆರೆತು ಕೂರುವುದು. ಮೇಷ್ಟರ ಸಹಾಯ ಬೇಕಾದವರದು ಒಂದು ಚಾಪೆ, ಜೊತೆಯವರಿಂದ ಕಲಿಯುವವರದು ಇನ್ನೊಂದು, ತಾವೇ ಓದಿಕೊಳ್ಳುವವರದು ಮತ್ತೊಂದು. ಇಷ್ಟನ್ನೂ ಹಳ್ಳಿ ಸಹಿಸಿಕೊಂಡಿತು. ಸಹಿಸದೆ ಹೋದದ್ದು ಅಕ್ಷರಗಳ ಸರದಿಯನ್ನು. ನಾವು ಅ ಆ ಇ ಈ ಇಂದ ಶುರು ಮಾಡುತ್ತಿರಲಿಲ್ಲ. ಮೊದಲು 'ರ', ಆಮೇಲೆ 'ಗ', 'ಸ', 'ದ'. ಇವಿಷ್ಟು ಬಂದರೆ ಸರ, ಗರಗಸ, ದಸರ ಎಂದು ಮಗು ಆವತ್ತೇ ಪದ ಓದಬಹುದಲ್ಲ, ಅದು ಲೆಕ್ಕಾಚಾರ. ಕೇಳಲು ಚೆನ್ನಾಗಿತ್ತು. ಆದರೆ ಅ ಆ ಗೊತ್ತಿಲ್ಲದ ಮಗು ಗರಗಸ ಎಂದು ಓದುವುದನ್ನು ನೋಡಿದರೆ ಪಾಯ ಇಲ್ಲದೆ ಎದ್ದು ನಿಂತ ಮನೆ ನೋಡಿದಂತೆ ನನಗೇ ಆಗುತ್ತಿತ್ತು.

"ಇದೇನ್ ಸಾ, ಅ ಆ ಇ ಈ ಬುಟ್ಬುಟ್ಟವ್ರೆ?" ಎಂದು ಸಭೆಯಲ್ಲಿ ಎದ್ದು ನಿಂತಿದ್ದ ಅದೇ ಹೆಂಗಸು ಬಾಗಿಲಿಗೆ ಬಂದು ಕೇಳಿದಳು. ಹೊಲಕ್ಕೆ ಹೋಗುವ ದಾರಿಯಲ್ಲಿ ಮಂಕರಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ದಿನವೂ ಒಂದು ಗಳಿಗೆ ನಿಂತು ಹೋಗುತ್ತಿದ್ದಳು; ಇನ್ಸ್‌ಪೆಕ್ಟರಿಗಿಂತ ಹೆಚ್ಚು ಸಲ ನನ್ನ ತರಗತಿಯನ್ನು ತಪಾಸಣೆ ಮಾಡಿದವಳು ಅವಳೇ.

"ಬಿಟ್ಟಿಲ್ಲಮ್ಮ, ಅದೂ ಬರುತ್ತೆ, ಆಮೇಲೆ."

"ಗೋರ್ಮೆಂಟ್ನೋರು ನಮ್ ಮಕ್ಳಿಗೆ ಓದಕ್ ಬರ್ಬಾರ್ದು ಅಂತ್ಲೇ ಹಿಂಗ್ ಮಾಡವ್ರಂತೆ? ಕಾನ್ವೆಂಟ್ನಾಗೆ ಅ ಆನೇ ಮೊದ್ಲು ಹೇಳ್ಕೊಡೋದಂತೆ."

"ಹಾಗೇನಿಲ್ಲ. ನನ್ನ ಮಗಳೂ ಇದನ್ನೇ ಕಲೀತಿದಾಳಲ್ಲ?"

"ಅದೇ ನಂಗ್ ಅನ್ಮಾನ. ನಿಮ್ ಮಗೀಗ್ ಮನೇಲಿ ಅ ಆ ಇ ಈ, ನಮ್ಮವುಕ್ಕೆ ಇಲ್ಲಿ ರ ಗ ಸ." ಅಷ್ಟಕ್ಕೆ ನಿಲ್ಲಲಿಲ್ಲ. ಚಾಪೆಯ ಮೇಲಿದ್ದ ನನ್ನ ಮಗಳನ್ನು ನೇರವಾಗಿ ವಿಚಾರಣೆಗೆ ತೆಗೆದುಕೊಂಡಳು. "ಏಯ್ ಮಗಾ, ಮನೇಲಿ ನಿಮ್ಮಪ್ಪ ಏನ್ ಹೇಳ್ಕೊಡ್ತದೆ?"

"ಏನೂ ಇಲ್ಲ. ಮಲ್ಕೊತಾರೆ."

ಕೋಣೆ ಎಲ್ಲ ಗೊಳ್ಳೆಂದಿತು. ಸಾಕ್ಷಿ ಹೇಳಿದ್ದು ನಿಜವೇ. ಮನೆಯಲ್ಲಿ ಹೇಳಿಕೊಟ್ಟರೆ ಮೋಸವಾಗುತ್ತದೆಂದು ನಾನೇ ಕಟ್ಟು ಮಾಡಿಕೊಂಡಿದ್ದೆ. ಶಾಲೆಯಲ್ಲೂ ಅವಳ ಕಡೆ ಹೆಚ್ಚು ನೋಡಿದರೆ ಈ ಮಂಕರಿಯ ಹೆಂಗಸು ಏನೆನ್ನುತ್ತಾಳೋ ಎಂದು ಎಲ್ಲ ಮಕ್ಕಳ ಹತ್ತಿರ ಹೋಗಿ, ಅವಳ ಹತ್ತಿರ ಕೊನೆಗೆ ಹೋಗುತ್ತಿದ್ದೆ. ಅಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು. ಹೀಗೆ, ಮೇಷ್ಟರ ಮಗಳಿಗೆ ಮೇಷ್ಟರೊಬ್ಬರನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಕ್ಕಿತು.

ಒಂದನೇ ತರಗತಿ ಮುಗಿಯುತ್ತ ಬಂದಾಗ ತಡೆಯಲಾರದೆ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ಪರೀಕ್ಷೆ ಮಾಡಿದೆ. ಎದುರಿಗೆ ನಿಂತಿದ್ದ ಬಸ್ಸಿನ ಬೋರ್ಡು ತೋರಿಸಿ, "ಏನ್ ಬರ್ದಿದೆ ಪುಟ್ಟಿ?" ಎಂದೆ.

"ತುಮಕೂರು!"

ನನಗೆ ಆದ ಖುಷಿಗೆ ಅವಳಿಗೆ ಬೆಣ್ಣೆ ಬಿಸ್ಕತ್ತು ಕೊಡಿಸಿದೆ. ಮಾರನೇ ದಿನ ಅದೇ ಜಾಗದಲ್ಲಿ ಇನ್ನೊಂದು ಬಸ್ಸು ನಿಂತಿತ್ತು. ಅದರ ಬೋರ್ಡಿನಲ್ಲಿ ದೊಡ್ಡದಾಗಿ ಕುಣಿಗಲ್ ಎಂದಿತ್ತು.

"ಇದು?"

"ತುಮಕೂರು!"

ಹೆಂಡತಿಗೆ ಹೇಳಬಾರದಿತ್ತು, ಹೇಳಿದೆ. "ಬಣ್ಣ ನೋಡ್ ಹೇಳಿದಾಳೆ ಕಣ್ರೀ," ಎಂದಳು. ಎರಡೂ ಬಸ್ಸು ಒಬ್ಬನೇ ಮಾಲೀಕನವು, ಒಂದೇ ಹಳದಿ ಪಟ್ಟೆ. ಅಮೃತೂರಿನ ಆ ಹುಡುಗನ ಬೆರಳು ಮತ್ತೆ ನನ್ನ ಕಣ್ಣೆದುರು ಬಂತು. ಆ ಬೇಸಿಗೆ ರಜೆಯಲ್ಲಿ ಹೆಂಡತಿ ಅವಳ ಲಂಗ ಬ್ಲೌಸುಗಳನ್ನು ಒಂದೊಂದಾಗಿ ಹೊಲಿಗೆ ಬಿಚ್ಚಿ ಉದ್ದ ಮಾಡುತ್ತಿದ್ದಳು. ಬೆಳೆಯುವ ಮಗುವಿಗೆ ಎಲ್ಲರೂ ಮಾಡುವುದೇ ಅದು. ನನಗೆ ಮಾತ್ರ ಶೆಟ್ಟಿಹಳ್ಳಿಗೆ ಕಳಿಸಲು ತಯಾರಿ ನಡೆದಿದೆ ಎನಿಸುತ್ತಿತ್ತು.

ಎರಡನೇ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಸಂಜೆ ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದೆವು. ಸರದಿಯಲ್ಲಿ ನಿಂತಿದ್ದಾಗ ಅವಳು ನನ್ನ ಅಂಗಿ ಎಳೆದಳು.

"ಅಪ್ಪಾ, ನಮ್ ರಾಗಿ ಒಣಗಿದ್ಯಾ?"

"ಯಾಕೆ?"

"ಒಣಗಿರೋದು ಮಾತ್ರ ಬೀಸ್ತಾರಂತೆ."

ತಲೆ ಎತ್ತಿ ನೋಡಿದರೆ ಗೋಡೆಯ ಬೋರ್ಡಿನಲ್ಲಿ ಸುಣ್ಣದಿಂದ ಬರೆದಿತ್ತು: ಒಣಗಿದ ರಾಗಿ ಮಾತ್ರ ಬೀಸಲಾಗುವುದು. ಬೇರೆ ತಂದೆಯಾಗಿದ್ದರೆ ಮಗುವನ್ನು ಎತ್ತಿಕೊಳ್ಳುತ್ತಿದ್ದನೇನೋ. ನಾನು ಮಿಲ್ಲಿನವನ ಹತ್ತಿರ ಹೋದೆ.

"ಏನಪ್ಪಾ, ಈಗ ಒಣಗಿದ ರಾಗಿ ವಿಷಯ ಮಗೂಗೆ ನೀನೇನಾದ್ರೂ ಹೇಳಿದ್ಯಾ?"

"ನಾನ್ಯಾಕ್ ಹೇಳ್ಲಿ ಸಾ? ಬೋರ್ಡ್ ಹಾಕಿರದ್ಯಾಕೆ ಮತ್ತೆ?" ಎಂದು ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

ಮಿಲ್ಲಿನವನು ಹೇಳಿಲ್ಲ ಅಂದಮೇಲೆ ಅನುಮಾನ ಮನೆಯ ಕಡೆ ತಿರುಗಿತು. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ಟ್ಯೂಷನ್ ಹೇಳುತ್ತಿದ್ದರು. ಸಂಜೆ ನಾನು ತರಕಾರಿಗೆ ಹೋದ ಹೊತ್ತಿನಲ್ಲಿ ಹೆಂಡತಿ ಮಗುವನ್ನು ಅಲ್ಲಿಗೆ ಕಳಿಸುತ್ತಿದ್ದಾಳೆ, ನನಗೆ ಹೇಳಿಲ್ಲ, ಅಷ್ಟೇ ಎಂದುಕೊಂಡೆ. ಹಿಟ್ಟಿನ ಚೀಲ ಇಳಿಸಿದವನೇ ಕೇಳಿದೆ.

"ನೀನ್ ಟ್ಯೂಷನ್‌ಗೇನಾದ್ರೂ ಕಳಿಸ್ತಿದೀಯಾ ಇವಳನ್ನ?"

ಅವಳು ಇನ್ನೂ ಜೋರಾಗಿ, "ನಾನ್ ನಿಮ್ಮನ್ನೇ ಕೇಳೋಣ ಅಂತಿದ್ದೆ. ನೆನ್ನೆ ಬೆಂಕಿಪೊಟ್ಟಣದ ಮೇಲಿಂದೆಲ್ಲ ಓದಿದ್ಲು. ಕದ್ದು ಹೇಳ್ಕೊಟ್ರಿ ತಾನೇ?" ಎಂದಳು.

"ದೇವರಾಣೆ ಇಲ್ಲ."

"ಮತ್ತೆ ಯಾರೂ ಹೇಳ್ಕೊಡ್ದೇ ಹೇಗ್ರೀ ಬರುತ್ತೆ?"

"ನಾನೇ ಅಲ್ವೇನೇ ಅವಳ ಮೇಷ್ಟ್ರು?"

"ಅದಕ್ಕೇ ಕೇಳಿದ್ದು."

ಮರುದಿನದಿಂದ ನಾನು ತರಗತಿಯಲ್ಲಿ ಬೇರೆ ಮಕ್ಕಳಿಗೆ ಹೇಳಿಕೊಡುತ್ತಲೇ ಓರೆಗಣ್ಣಿನಲ್ಲಿ ಮಗಳನ್ನು ಗಮನಿಸಿದೆ. ಜೊತೆಯವರಿಂದ ಕಲಿಯುವವರ ಚಾಪೆಯಲ್ಲಿ ಅವಳ ಪಕ್ಕಕ್ಕೆ ಮಂಕರಿಯ ಹೆಂಗಸಿನ ಮಗಳು ಕೂತಿದ್ದಳು, ಈಗ ಮೂರನೆಯವಳು. ಆ ಹುಡುಗಿಗೆ ತಾಳ್ಮೆ ಅನ್ನುವುದೇ ಇರಲಿಲ್ಲ. "ಅಲ್ಲ ಕಣೇ, ನೋಡು ಸರ್ಯಾಗಿ. ಇದ್ಕೆ ಕೆಳ್ಗೆ ಒತ್ತೈತೆ ತಾನೇ? ಮತ್ಯಾಕ್ ನುಂಗ್ತೀಯಾ? ಇನ್ನೊಂದ್ ಸಲ!" ನನ್ನ ಮಗಳು ಇನ್ನೊಂದು ಸಲ ಓದುತ್ತಿದ್ದಳು. ತಪ್ಪಿದರೆ ತಲೆಗೆ ಮೊಟಕು. ಮೇಷ್ಟರು ಮಕ್ಕಳಿಗೆ ಹೊಡೆಯಬಾರದೆಂದು ಬಂದಿದ್ದ ಸುತ್ತೋಲೆ ಮಕ್ಕಳಿಗೆ ಅನ್ವಯಿಸುತ್ತಿರಲಿಲ್ಲವಲ್ಲ. ನಾನು ಒಂದೂವರೆ ವರ್ಷ ನ್ಯಾಯಕ್ಕೆ ಹೆದರಿ ಮಾಡದೆ ಬಿಟ್ಟದ್ದನ್ನು ಅವಳು ಮೊಟಕಿ ಮೊಟಕಿ ಮಾಡಿ ಮುಗಿಸಿದ್ದಳು.

ಒಂದು ಸಂಜೆ ಹೊಲದಿಂದ ವಾಪಸಾಗುತ್ತ ಆ ಹುಡುಗಿಯ ಅಮ್ಮ ಬಾಗಿಲಲ್ಲಿ ನಿಂತಾಗ ವಿಷಯ ತಿಳಿಸಿದೆ. ನನ್ನ ಮಗಳಿಗೆ ಓದು ಕಲಿಸಿದ್ದು ನಿನ್ನ ಮಗಳೇ ಎಂದೆ. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ.

"ಹಂಗಾರೆ ನಿಮ್ಗ್ಯಾಕ್ ಸಾ ಸಂಬ್ಳ?" ಎಂದು ಹೊರಟುಹೋದಳು. ನಾಲ್ಕು ಹೆಜ್ಜೆ ಹೋದವಳು ಮತ್ತೆ ತಿರುಗಿ ಬಂದು, ಕೋಣೆಯೊಳಗೆ ಕತ್ತು ಹಾಕಿ, ಗೋಡೆಯ ಬೋರ್ಡಿನಲ್ಲಿ ತನ್ನ ಮಗಳು ಬರೆದಿದ್ದನ್ನು ತುಂಬಾ ಹೊತ್ತು ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಸರಿಯಿದೆಯೇ ಎಂದು ನನ್ನನ್ನೂ ಕೇಳಲಿಲ್ಲ. ನನ್ನ ಮಾತಿನ ಮೇಲೆ ಅವಳಿಗೆ ಇದ್ದ ನಂಬಿಕೆ ಅಷ್ಟು.

ಇಷ್ಟಾದರೂ ನನಗೆ ಧೈರ್ಯ ಬರಲಿಲ್ಲ. ಶಾಲೆಯ ಕಾರ್ಡು ಅವಳಿಗೆ ಬಾಯಿಪಾಠವಾಗಿರಬಹುದು. ಬೆಂಕಿಪೊಟ್ಟಣವೂ. ಮಿಲ್ಲಿನ ಸರದಿಯಲ್ಲಿದ್ದ ಯಾರೋ ಬೋರ್ಡನ್ನು ಗಟ್ಟಿಯಾಗಿ ಓದಿಕೊಂಡಿರಬಹುದು. ಅಕ್ಷರ ಕೂಡಿಸಿ ಹೇಳುವುದು ಬೇರೆ, ಓದಿದ್ದು ತಲೆಗೆ ಹೋಗುವುದು ಬೇರೆ. ಮಾರ್ಚ್ ಕಳೆದು ಏಪ್ರಿಲ್ ಬಂತು, ಮಾವನವರೂ ಬಂದರು.

ಭಾನುವಾರ ಬೆಳಿಗ್ಗೆ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಡೆದೇ ಬಂದರು. ಕೈಯಲ್ಲಿ ಒಂದು ಬ್ಯಾಗು, ಇನ್ನೊಂದು ಕೈಯಲ್ಲಿ ಹುರಿದ ಕಡಲೆಕಾಯಿಯ ಪೊಟ್ಟಣ. ನಾನು ಮುಂಜಾಗ್ರತೆಗೆ ಆ ದಿನದ ಪತ್ರಿಕೆಯನ್ನು ಟೀಪಾಯಿಯ ಮೇಲೆ ಇಟ್ಟಿದ್ದೆ. ಅದನ್ನು ಅವರು ತುದಿಬೆರಳಿನಲ್ಲಿ ಪಕ್ಕಕ್ಕೆ ಸರಿಸಿದರು.

"ಇದು ಬೇಡ. ಇದನ್ನ ಬೆಳಿಗ್ಗೆನೇ ಓದಿಸಿರ್ತೀರಿ."

"ಇಲ್ಲ ಮಾವ, ಅವಳಿನ್ನೂ..."

"ಇರ್ಲಿ." ಹೆಂಡತಿ ತಂದ ತಟ್ಟೆಗೆ ಕಡಲೆಕಾಯಿ ಸುರಿದು, ಪೊಟ್ಟಣದ ಕಾಗದವನ್ನು ಬಿಚ್ಚಿ, ತೊಡೆಯ ಮೇಲಿಟ್ಟು ಅಂಗೈಯಿಂದ ಉಜ್ಜಿ ಸಪಾಟು ಮಾಡಿದರು. ಯಾವುದೋ ಹಳೆಯ ದಿನಪತ್ರಿಕೆಯ ತುಂಡು. "ಬಸ್ಸಿಳಿದು ಇಲ್ಲಿಗ್ ಬರೋವಾಗ ತಗೊಂಡಿದ್ದು. ಇದರಲ್ಲಿ ಏನಿದೆ ಅಂತ ನನಗೂ ಗೊತ್ತಿಲ್ಲ, ಆ ಕಡ್ಲೆಕಾಯಿಯವನಿಗೂ ಗೊತ್ತಿಲ್ಲ. ಬಾ ಪುಟ್ಟಿ. ಅಳಿಯಂದ್ರೇ, ನೀವು ಆ ಕಡೆ ತಿರುಗಿ ಕೂತ್ಕೊಳಿ. ತುಟಿ ಅಲ್ಲಾಡಿಸ್ಬೇಡಿ. ನೀನು ಒಳಗ್ ಹೋಗಮ್ಮ."

ಹೆಂಡತಿ ಅಡುಗೆಮನೆಗೆ ಹೋದಳು. ಪಾತ್ರೆಯ ಸದ್ದೇ ಇಲ್ಲದ್ದರಿಂದ ಅವಳು ಬಾಗಿಲ ಹಿಂದೆಯೇ ನಿಂತಿದ್ದಾಳೆಂದು ನನಗೆ ಗೊತ್ತಾಯಿತು. ನಾನು ಗೋಡೆಯ ಕ್ಯಾಲೆಂಡರಿಗೆ ಮುಖ ಮಾಡಿ ಕೂತೆ. ಕ್ಯಾಲೆಂಡರಿನಲ್ಲಿ ಜೂನ್ ತಿಂಗಳು ಎಲ್ಲಿದೆ ಎಂದು ಕಣ್ಣು ಹುಡುಕಿತು. ಕಾನ್ವೆಂಟುಗಳು ತೆರೆಯುವ ತಿಂಗಳು. ಆಮೇಲೆ ಬೆನ್ನ ಹಿಂದೆ ಮಗಳ ಬೆರಳು ಸುಕ್ಕುಬಿದ್ದ ಕಾಗದದ ಮೇಲೆ ಸರಿಯುವ ಸದ್ದು.

"ಆ...ಹಾರ. ಆಹಾರ ಅರಸಿ ಬಂದ ಚಿ...ರತೆ. ಚಿರತೆಯೊಂದು ತೋಟದ ಬಾವಿಗೆ ಬಿದ್ದ..." ನಿಂತಳು. "...ಘಟನೆ ನಡೆದಿದೆ."

'ಘ' ನಮ್ಮ ಏಣಿಯಲ್ಲಿ ತೀರಾ ಮೇಲಿನ ಮೆಟ್ಟಿಲು. ಅವಳು ಒಂದೊಂದೇ ಪದವಾಗಿ ಮುಂದೆ ಹೋದಳು. ಬೆಳಿಗ್ಗೆ ಮೋಟಾರು ಹಾಕಲು ಹೋದ ರೈತರಿಗೆ ಬಾವಿಯೊಳಗಿಂದ ಗುರುಗುಟ್ಟುವ ಸದ್ದು ಕೇಳಿಸಿತು. ಅರಣ್ಯ ಇಲಾಖೆಯ ಸಿಬ್ಬಂದಿ ಸ್ಥಳಕ್ಕೆ ಬಂದರು. 'ಕಾರ್ಯಾಚರಣೆ'ಯ ಹತ್ತಿರ ಬಂದು ಎಡವಿದಳು, ಎರಡು ಸಲ ಹಿಂದೆ ಹೋಗಿ ಓಡಿ ಬಂದು ಹಾರಿದಳು. "...ಬಾವಿಗೆ ಉದ್ದನೆಯ ಏಣಿ ಇಳಿಸಿದರು. ಸ್ವಲ್ಪ ಹೊತ್ತಿನ ಬಳಿಕ ಚಿರತೆಯು ಏಣಿಯ..."

ಮತ್ತೆ ನಿಂತಳು.

"ಓದು ಪುಟ್ಟಿ," ಎಂದರು ಮಾವನವರು. ಅವರ ದನಿ ಬದಲಾಗಿತ್ತು.

"ಮುಗೀತು ತಾತ. ಹರಿದೋಗಿದೆ."

"ಆಯ್ತು, ಸಾಕು ಬಿಡು. ಚೆನ್ನಾಗ್ ಓದ್ದೆ." ಅವರು ನನ್ನ ಕಡೆ ತಿರುಗಿ, ನಾನು ಇನ್ನೂ ಗೋಡೆ ನೋಡುತ್ತಲೇ ಕೂತಿದ್ದುದರಿಂದ ನನ್ನ ಬೆನ್ನಿಗೇ ಹೇಳಿದರು: "ಇರ್ಲಿ ಬಿಡಿ ಅಳಿಯಂದ್ರೇ. ಅವಳು ಇಲ್ಲೇ ಇರ್ಲಿ." ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಶುರುವಾಯಿತು.

"ತಾತ, ಆಮೇಲೆ?"

"ಆಮೇಲೆ ಏನು?"

"ಚಿರತೆ ಏಣಿ ಹತ್ತಿ ಬಂತಾ?"

"ಬಂದಿರುತ್ತೆ."

"ಬಂದಿರುತ್ತೆ ಅಂದ್ರೆ ಯಾರ್ ಹೇಳಿದ್ರು? ಇದ್ರಲ್ಲಿ ಬರ್ದಿಲ್ವಲ್ಲ." ಅವಳು ಕಾಗದ ತಿರುಗಿಸಿ ನೋಡಿದಳು. ಹಿಂದೆ ಬೋರ್‌ವೆಲ್ ಪೈಪಿನ ಜಾಹೀರಾತಿತ್ತು, ಅದನ್ನೂ ಓದಿ ನೋಡಿ ಬಿಸಾಡಿದಳು. "ಬಾವೀಲಿ ನೀರಿತ್ತಾ? ಅದಕ್ಕೆ ಈಜಕ್ ಬರುತ್ತಾ?"

ಪರೀಕ್ಷೆ ಮಾಡಲು ಬಂದವರು ಈಗ ಪರೀಕ್ಷೆಗೆ ಕೂತಿದ್ದರು. ಊಟದ ಹೊತ್ತಿಗೂ ಅದೇ ಪ್ರಶ್ನೆ, ಒಬ್ಬಟ್ಟಿಗೂ ಅದು ನಿಲ್ಲಲಿಲ್ಲ. ಸಂಜೆ ಮಾವನವರನ್ನು ಬಸ್ಸಿಗೆ ಬಿಡಲು ಹೊರಟಾಗ ಅವಳು ಆ ತುಂಡನ್ನು ಮಡಿಸಿಟ್ಟುಕೊಂಡು ಜೊತೆಗೆ ಬಂದಳು. ಬಸ್‌ಸ್ಟ್ಯಾಂಡಿನಲ್ಲಿ ಮಾವನವರು ಸೀದಾ ಕಡಲೆಕಾಯಿ ಗಾಡಿಯ ಹತ್ತಿರ ಹೋದರು. ಮೂವತ್ತು ವರ್ಷ ಮಕ್ಕಳಿಂದ ಕಾಪಿ ಚೀಟಿ ಕಿತ್ತುಕೊಂಡ ಮನುಷ್ಯ, ಹರಿದ ಕಾಗದದ ಇನ್ನೊಂದು ಅರ್ಧವನ್ನು ಕೊಡಪ್ಪಾ ಎಂದು ಕೇಳುತ್ತಿದ್ದರು.

"ಅದ್ಯಾರ್ ಕಡ್ಲೆಕಾಯ್ ಜೊತೆ ಹೋಯ್ತೋ ಯಜಮಾನ್ರೇ," ಎಂದ ಅವನು. ಆದರೂ ಪಾಪ, ಗೋಣಿತಾಟಿನ ಕೆಳಗಿನ ಕಾಗದವನ್ನೆಲ್ಲ ಹೊರಗೆಳೆದ. ನಾವು ಮೂವರೂ ಕೂತು ಹುಡುಕಿದೆವು. ತುಮಕೂರಿನ ಬಸ್ಸು ಬಂದು ಹಾರ್ನ್ ಹೊಡೆಯಿತು. ಮಾವನವರು ಕಿಟಕಿಯಿಂದ ಕೈ ಹೊರಗೆ ಹಾಕಿ, "ಲೈಬ್ರರೀಲಿ ನೋಡಿ ಹೇಳ್ತೀನಿ ಪುಟ್ಟಿ," ಎಂದರು. ಹೋಗಿ ನೋಡಿದರಂತೆ ಕೂಡ. ಆ ತುಂಡಿನಲ್ಲಿ ತಾರೀಖು ಇರಲಿಲ್ಲ, ಪತ್ರಿಕೆಯ ಹೆಸರೂ ಇರಲಿಲ್ಲ. ಹಳೆಯ ಪತ್ರಿಕೆಗಳ ಯಾವ ಕಟ್ಟನ್ನು ಬಿಚ್ಚಿಸುವುದು?

ಆ ಚಿರತೆ ಮೇಲೆ ಬಂತೋ ಇಲ್ಲವೋ ನಮ್ಮ ಮನೆಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.